ಬೆಳಗ್ಗೆ ಹುಳಿ, ಸಂಜೆ ಸಪ್ಪೆ

ಬಳ್ಳಾರಿಯವರಿಗೆ ಗಿಡ ಅಂದ ಕೂಡಲೇ ನೆನಪಾಗೋದು ಜಾಲಿ. ಸುಮ್ನೆ ಹೇಳ್ತಿಲ್ಲ, ಊರಿನ ಹೆಸರನ್ನೇ ಅದಕ್ಕೆ ಇಟ್ಟುಬಿಟ್ಟಿದ್ದಾರೆ, ಬಳ್ಳಾರಿ ಜಾಲಿ ಅಂತ. ಮೈಸೂರಿಗೆ ಮಲ್ಲಿಗೆ, ನಂಜನಗೂಡಿಗೆ ರಸಬಾಳೆ, ದೇವನಹಳ್ಳಿಗೆ ಚಕ್ಕೋತ, ನಮಗೆ ಮುಳ್ಳು. ಅದಾದರೂ ನಮ್ಮದಾ? ಅಲ್ಲ. ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಯಾರೋ ತಂದು ಬಿತ್ತಿದ್ದು, ಹೆಸರು ಮಾತ್ರ ನಮ್ಮ ತಲೆಗೆ ಕಟ್ಟಿದ್ದಾರೆ. ಹಾಗಾಗಿ ಅಕ್ಕನ ಮಗಳು "ಮಾಮ, ನಮ್ಮ ಕಾಲೇಜಿನ ಬೊಟಾನಿಕಲ್ ಗಾರ್ಡನ್ನಿಗೆ ಬಾ, ಅಪರೂಪದ ಗಿಡ ಬಾಳ ಅದಾವ" ಅಂದಾಗ ನನಗೆ ನಗು ಬಂತು. ಈ ಊರಿನ ಬಿಸಿಲಲ್ಲಿ ಬೊಟಾನಿಕಲ್ ಗಾರ್ಡನ್ ಅಂತೆ!

ಅವಳು ಬಿಎಸ್ಸಿ ಎರಡನೇ ವರ್ಷ. ಇಪ್ಪತ್ತು ಗಿಡಗಳ ಫೋಟೋ ತೆಗೆದು ಪ್ರಾಜೆಕ್ಟ್ ಕೊಡಬೇಕಿತ್ತು. ಅವಳ ಮೊಬೈಲು ಹಿಂದಿನ ವಾರವೇ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಅಂದರೆ ಬೇಕಾಗಿದ್ದು ಮಾಮ ಅಲ್ಲ, ಮಾಮನ ಕ್ಯಾಮೆರಾ. ಶಿವರಾತ್ರಿಗೆ ಮುಂಚಿನ ಭಾನುವಾರ, ಬೆಳಗ್ಗೆ ಏಳೂವರೆಗೆ ಗೇಟಿನ ಹತ್ತಿರ ಇರಬೇಕು, ಹತ್ತು ಗಂಟೆ ಮೇಲೆ ಮಾಲಿ ತಾತ ಒಳಗೆ ಬಿಡೋದಿಲ್ಲ ಅಂದಳು. ಭಾನುವಾರ ಏಳೂವರೆಗೆ! ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸ್ತೀನಿ ಅಂದಮೇಲೆ ಒಪ್ಪಿಕೊಂಡೆ. ದುಡ್ಡು ಕೊಟ್ಟಿದ್ದು ನಾನೇ ಅನ್ನೋದು ಬೇರೆ ಮಾತು.

ಲಾಲ್‌ಬಾಗ್ ಥರ ಏನೋ ಅಂದುಕೊಳ್ಳಬೇಡಿ. ಅದು 240 ಎಕರೆ, ಇದು ಹೆಚ್ಚೆಂದರೆ ಒಂದೂವರೆ ಎಕರೆ. ಕಾಲೇಜಿನ ಹಿಂದೆ, ಸೈಕಲ್ ಸ್ಟ್ಯಾಂಡ್ ದಾಟಿದ ಮೇಲೆ ಒಂದು ಕಾಂಪೌಂಡು, ಅದರಾಚೆ ಬೇವಿನ ಮರಗಳು, ಅವುಗಳ ಮೇಲೆ ನಮ್ಮ ಕೋಟೆ ಗುಡ್ಡ ತಲೆ ಎತ್ತಿ ನೋಡ್ತಾ ಇರುತ್ತದೆ. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ, ಬೆಳಗಿನ ಬಿಸಿಲಿಗೇ ಆ ಬಂಡೆ ಕಾಯೋಕೆ ಶುರುವಾಗಿತ್ತು.

ಗೇಟಿನ ಪಕ್ಕದಲ್ಲೇ ನಾಗಲಿಂಗದ ಮರ. ಇದನ್ನು ಎಷ್ಟೋ ಗುಡಿಗಳ ಮುಂದೆ ನೋಡಿದ್ದೇನೆ, ಆದರೆ ನಿಂತು ನೋಡಿರಲಿಲ್ಲ. ಹೂವು ಕೊಂಬೆಯ ತುದಿಯಲ್ಲಿ ಬಿಡೋದಿಲ್ಲ, ಬೊಡ್ಡೆಯಿಂದಲೇ ಹಗ್ಗದಂಥ ಕಡ್ಡಿಗಳು ಹೊರಟು ಅವುಗಳಲ್ಲಿ ಬಿಡುತ್ತವೆ. ಮರಕ್ಕೆ ಯಾರೋ ಹೂವಿನ ಸೀರೆ ಉಡಿಸಿದ ಹಾಗೆ. ಒಳಗೆ ಲಿಂಗ, ಮೇಲೆ ಹೆಡೆ, ಹೆಡೆಯ ತುಂಬ ಎಳೆಗಳು. ಶಿವರಾತ್ರಿ ಹತ್ತಿರ ಬಂದಿದ್ದರಿಂದ ಓಣಿಯ ಇಬ್ಬರು ಹೆಂಗಸರು ಆಗಲೇ ಬುಟ್ಟಿ ಹಿಡಿದು ಬಂದು ಮಾಲಿ ತಾತನ ಹತ್ತಿರ ಐದು ಹೂವಿಗೆ ಚೌಕಾಸಿ ಮಾಡ್ತಾ ಇದ್ದರು. ಇಷ್ಟೊಂದು ಶಿವಭಕ್ತ ಮರ ಮೂಲದಲ್ಲಿ ದಕ್ಷಿಣ ಅಮೆರಿಕದ್ದು, ಗಯಾನಾ ಕಡೆಯದು. ಅದರ ವೈಜ್ಞಾನಿಕ ಹೆಸರಲ್ಲೇ ಆ ಊರಿದೆ.

ಅಕ್ಕನ ಮಗಳು ಒಂದು ಹೂವನ್ನು ಬಿಡಿಸಿ ತೋರಿಸಿದಳು. ಈ ಹೂವಲ್ಲಿ ಜೇನಿನ ಹನಿ ಇರೋದಿಲ್ಲವಂತೆ. ದುಂಬಿ ಪರಾಗಕ್ಕಾಗಿಯೇ ಬರಬೇಕು. ಅದಕ್ಕೆ ಮರ ಎರಡು ಥರದ ಪರಾಗ ಇಟ್ಟಿದೆ. ಹೆಡೆಯಲ್ಲಿರುವುದು ದುಂಬಿಯ ಊಟಕ್ಕೆ, ಅದರಿಂದ ಕಾಯಿ ಕಟ್ಟೋದಿಲ್ಲ. ಕೆಳಗೆ ಲಿಂಗದ ಸುತ್ತ ಇರುವುದು ಅಸಲಿ ಮಾಲು. ದುಂಬಿ ಮೇಲಿನದಕ್ಕೆ ಬಾಯಿ ಹಾಕುವಾಗ ಕೆಳಗಿನದು ಅದರ ಬೆನ್ನಿಗೆ ಅಂಟಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ನಾನು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯುವವನು, ಎರಡು ಪುಸ್ತಕ ಇಡೋದು ಅಂದರೆ ಏನು ಅಂತ ಗೊತ್ತು, ಆದರೆ ಇಷ್ಟು ನಾಜೂಕಾಗಿ ಇಟ್ಟವರನ್ನು ನೋಡಿರಲಿಲ್ಲ. ಇನ್ನು ಕಾಯಿ ಬಗ್ಗೆ ಒಂದೇ ಮಾತು. ಫಿರಂಗಿ ಗುಂಡಿನ ಗಾತ್ರ, ಬಿದ್ದು ಒಡೆದರೆ ಅದರ ನಾತಕ್ಕೆ ಹತ್ತಿರ ನಿಲ್ಲೋಕಾಗಲ್ಲ. ಹೂವಿಗೆ ಆ ಪರಿಮಳ, ಕಾಯಿಗೆ ಈ ನಾತ. ಮಾಲಿ ತಾತ ಆ ಮರದ ಕೆಳಗೆ ಯಾರನ್ನೂ ಕೂರಿಸೋದಿಲ್ಲ. ತಲೆ ಮೇಲೆ ಬಿದ್ದರೆ ಯಾರ್ರೀ ಜವಾಬ್ದಾರ್ರು ಅಂತಾನೆ.

ತಾತನ ಬಗ್ಗೆ ಹೇಳಬೇಕು. ವಯಸ್ಸು ಅರವತ್ತರ ಮೇಲೆ. ಅರ್ಧ ಕನ್ನಡ, ಅರ್ಧ ತೆಲುಗು. ಗಿಡಗಳ ಲ್ಯಾಟಿನ್ ಹೆಸರುಗಳನ್ನು ಮೂವತ್ತು ವರ್ಷದಿಂದ ಮೇಷ್ಟ್ರುಗಳ ಬಾಯಲ್ಲಿ ಕೇಳಿ ಕೇಳಿ ತನಗೆ ಬೇಕಾದ ಹಾಗೆ ಮಾಡಿಕೊಂಡಿದ್ದಾನೆ, ಹಾಲುಗಳ್ಳಿಯ ಕುಲ ಯುಫೋರ್ಬಿಯಾ ಅವನ ಬಾಯಲ್ಲಿ "ಇಪ್ಪರಬ್ಬ". ಅಕ್ಕನ ಮಗಳು ತಿದ್ದೋಕೆ ಹೋದಳು. ನಾನು ಬೇಡ ಅಂದೆ.

ಒಳಗೆ ಹೋದ ಮೇಲೆ ನನಗೆ ಮೊದಲು ಕಂಡಿದ್ದು ಗಿಡ ಅಲ್ಲ, ಬೋರ್ಡು. ತಗಡಿನ ಹಸಿರು ಬೋರ್ಡುಗಳು, ಬಿಳಿ ಅಕ್ಷರದಲ್ಲಿ ಹೆಸರು, ಕುಟುಂಬ, ಮೂಲ ದೇಶ. ಎಷ್ಟೋ ಬೋರ್ಡುಗಳ ಹಿಂದೆ ಗಿಡವೇ ಇಲ್ಲ. ಬರೀ ಒಣ ಮಣ್ಣು, ಎರಡು ಕಲ್ಲು. ಒಂದರಲ್ಲಿ ಹೂಜಿ ಗಿಡದ ಹೆಸರು. ಹುಳ ಹಿಡಿದು ತಿನ್ನುವ ಗಿಡ ಗೊತ್ತಲ್ವಾ, ನಮ್ಮ ದೇಶದಲ್ಲಿ ಅದು ತಾನಾಗಿ ಬೆಳೆಯೋದು ಮೇಘಾಲಯದ ಕಡೆ ಬೆಟ್ಟಗಳಲ್ಲಿ, ಮಳೆ ಮೋಡದ ಊರಲ್ಲಿ. ಅದನ್ನು ಯಾರೋ ಉತ್ಸಾಹಿ ಮೇಷ್ಟ್ರು ಬಳ್ಳಾರಿಗೆ ತಂದಿದ್ದರು. ಏಪ್ರಿಲ್ ದಾಟಲಿಲ್ಲ.

"ಗಿಡ ಹೋದಮೇಲೆ ಬೋರ್ಡ್ ಯಾಕೆ ತಾತ, ಕಿತ್ತು ಹಾಕಬಾರದಾ?" ಅಂತ ಕೇಳಿದೆ.

"ಕಿತ್ತರ ಆ ಜಾಗಕ್ಕ ಮತ್ತೊಂದು ಗಿಡ ತರಂಗಿಲ್ರಿ ಯಾರೂ. ಬೋರ್ಡ್ ಇದ್ರ ಬಂದೋರು ಕೇಳ್ತಾರ, ಎಲ್ಲೈತಿ ಇದು ಅಂತ. ನೀವು ಕೇಳಿದ್ರಲ್ಲ ಹಂಗ."

ಮಾತಿಲ್ಲದೆ ಮುಂದೆ ನಡೆದೆ.

ಇನ್ನು ಬದುಕಿರುವ ಗಿಡಗಳು. ಇಲ್ಲಿಂದ ನಾನು ನಗೋದು ನಿಲ್ಲಿಸಿದೆ. ಕಳ್ಳಿಗಳಿಗೇ ಒಂದು ಪಾತಿ, ಸುತ್ತ ಕಲ್ಲು ಜೋಡಿಸಿ ಮಾಡಿದ್ದು. ಕಂಬದಂಥವು, ಚೆಂಡಿನಂಥವು, ಮಗುಚಿದ ಬಾಣಲೆಯಂಥವು. ನನ್ನ ಕಣ್ಣಿಗೆ ಎಲ್ಲ ಒಂದೇ ಜಾತಿ. ತಾತ ಸಣ್ಣ ಚಾಕು ತೆಗೆದು ಒಂದಕ್ಕೆ ಗೀರಿದ, ಹಾಲು ಬಂತು. ಪಕ್ಕದ್ದಕ್ಕೆ ಗೀರಿದ, ಬರೀ ನೀರು. "ಹಾಲು ಬಂದ್ರ ಇಪ್ಪರಬ್ಬ, ನಮ್ಮ ಗುಡ್ಡದಾಗೂ ಐತಿ. ಬರಲಿಲ್ಲಂದ್ರ ಅಮೆರಿಕದ್ದು." ಅಷ್ಟೇ ಪಾಠ. ಹಾಲು ಕಣ್ಣಿಗೆ ತಾಕಿಸಬೇಡಿ, ಉರಿಗೆ ಎರಡು ದಿನ ಕಣ್ಣು ಬಿಡೋಕಾಗಲ್ಲ ಅಂತ ಕೊನೆಗೆ ಸೇರಿಸಿದ. ಈ ಲೆಕ್ಕ ನೂರಕ್ಕೆ ನೂರು ಸರಿ ಇಲ್ಲ, ಹಾಲು ಬರುವ ಅಮೆರಿಕದ ಕಳ್ಳಿಗಳೂ ಕೆಲವು ಇವೆ ಅಂತ ಅಕ್ಕನ ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಇರಲಿ. ನನಗೆ ಆಶ್ಚರ್ಯ ಆಗಿದ್ದು ಬೇರೆ. ಈ ಎರಡು ಕುಟುಂಬಗಳಿಗೆ ಯಾವ ನೆಂಟಸ್ತನವೂ ಇಲ್ಲ. ಒಂದು ಅಮೆರಿಕದ ಮರಳುಗಾಡಿನಲ್ಲಿ, ಇನ್ನೊಂದು ಆಫ್ರಿಕಾ ಮತ್ತು ನಮ್ಮ ಕಡೆ. ನೀರಿಲ್ಲದ ಕಷ್ಟ ಒಂದೇ ಥರ ಇದ್ದಿದ್ದಕ್ಕೆ ಎರಡೂ ಎಲೆ ಕಳಕೊಂಡು, ಮೈ ದಪ್ಪ ಮಾಡಿಕೊಂಡು, ಮುಳ್ಳು ಬೆಳೆಸಿಕೊಂಡು ಅಣ್ಣತಮ್ಮಂದಿರ ಥರ ಆಗಿಬಿಟ್ಟಿವೆ.

ಪಾಪಾಸುಕಳ್ಳಿ ಮಾತ್ರ ನನಗೂ ಗೊತ್ತಿತ್ತು, ಅದರ ಕೆಂಪು ಹಣ್ಣು ತಿಂದು ನಾಲಗೆ ತುಂಬ ಸಣ್ಣ ಮುಳ್ಳು ಚುಚ್ಚಿಸಿಕೊಂಡವನು ನಾನು. ಅದರ ಕಥೆ ಓದಿದರೆ ನಗಬೇಕೋ ಅಳಬೇಕೋ ತಿಳಿಯಲ್ಲ. ಬ್ರಿಟಿಷರಿಗೆ ಕೆಂಪು ಬಣ್ಣ ಬೇಕಿತ್ತು. ಪಾಪಾಸುಕಳ್ಳಿ ಮೇಲೆ ಬದುಕುವ ಒಂದು ಹುಳದಿಂದ ಆ ಬಣ್ಣ ತೆಗೆಯುತ್ತಾರೆ. 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ಹುಳ ತರಿಸಿದರು, ಬಂದಿದ್ದು ತಪ್ಪು ಹುಳ. ಬಣ್ಣ ಚೆನ್ನಾಗಿ ಬರಲಿಲ್ಲ, ಗಿಡವನ್ನು ಮಾತ್ರ ಚೆನ್ನಾಗಿ ತಿಂದಿತು. ಅಷ್ಟರಲ್ಲಿ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣದ ಹೊಲಗದ್ದೆಗಳಿಗೆಲ್ಲ ಹಬ್ಬಿತು, ಅದನ್ನು ತಡೆಯೋಕೆ 1926ರಲ್ಲಿ ಶ್ರೀಲಂಕಾದಿಂದ ಬೇರೆ ಹುಳ ತರಿಸಿ ಬಿಟ್ಟರು, ಈ ಸಲ ಕೆಲಸ ಆಯಿತು. ಈಗ ಕೊಪ್ಪಳದ ಕಡೆ ರೈತರು ಕಲ್ಲುಕಂಬ ನೆಟ್ಟು ಡ್ರ್ಯಾಗನ್ ಫ್ರೂಟ್ ಬೆಳೀತಾರಲ್ಲ, ಅದೂ ಇದೇ ಅಮೆರಿಕದ ಕಳ್ಳಿ ಕುಟುಂಬ. ಒಂದು ಕಳ್ಳಿ ಕಡಿಯೋಕೆ ಕೂಲಿ, ಇನ್ನೊಂದು ನೆಡೋಕೆ ಸಾಲ.

ಪಕ್ಕದ ಕುಂಡದಲ್ಲಿ ನಕ್ಷತ್ರದಂಥ ಹೂವು, ಅಂಗೈ ಅಗಲ, ಹಳದಿ ಮೇಲೆ ಕಂದು ಗೀರು, ಮೇಲೆಲ್ಲ ಕೂದಲು. ಫೋಟೋ ಚೆನ್ನಾಗಿ ಬರಲಿ ಅಂತ ಬಗ್ಗಿದೆ, ತಿಂದ ಮಿರ್ಚಿ ಹೊರಗೆ ಬರೋದೊಂದು ಬಾಕಿ. ಸತ್ತ ಇಲಿಯ ವಾಸನೆ! ಸ್ಟೆಪೀಲಿಯಾ ಅಂತೆ, ಆಫ್ರಿಕಾದ್ದು. ಕೊಳೆತ ಮಾಂಸ ಅಂದುಕೊಂಡು ನೊಣಗಳು ಬಂದು ಮೊಟ್ಟೆ ಇಡುತ್ತವೆ, ಆ ಗಡಿಬಿಡಿಯಲ್ಲಿ ಪರಾಗ ಹೊತ್ತುಕೊಂಡು ಹೋಗುತ್ತವೆ. ಮರಿಗಳಿಗೆ ಅಲ್ಲಿ ತಿನ್ನೋಕೆ ಏನೂ ಇಲ್ಲ, ಸಾಯುತ್ತವೆ. ಇದರ ದಾಯಾದಿ ನಮ್ಮ ಕಲ್ಲುಗುಡ್ಡಗಳಲ್ಲೇ ಇದೆ. ಬೆರಳು ದಪ್ಪದ, ಎಲೆ ಇಲ್ಲದ, ಮೂಲೆ ಮೂಲೆಯಾದ ಹಸಿರು ಕಡ್ಡಿಗಳು ಕಳ್ಳಿ ಪೊದೆಯ ನೆರಳಲ್ಲಿ ಬೆಳೀತವೆ. ತಾತ ಅದಕ್ಕೆ ತೆಲುಗಿನಲ್ಲಿ ಕುಂದೇಟಿ ಕೊಮ್ಮುಲು ಅಂದ, ಮೊಲದ ಕೋಡು ಅಂತ ಅರ್ಥ. ಮೊಲಕ್ಕೆ ಕೋಡು ಇಟ್ಟವನು ಕವಿಯೇ ಇರಬೇಕು. ಕುರಿ ಕಾಯೋರು ಹಸಿವಾದಾಗ ಇದನ್ನು ಅಗಿಯುತ್ತಾರೆ, ಹೊಟ್ಟೆ ಸುಮ್ಮನಾಗುತ್ತದೆ. ಅದೇ ಗಿಡದ ಪುಡಿಯನ್ನು ಈಗ ತೂಕ ಇಳಿಸೋ ಮಾತ್ರೆ ಮಾಡಿ ಡಬ್ಬಿಯಲ್ಲಿ ಮಾರ್ತಾರೆ. ಉಣ್ಣೋಕೆ ಇಲ್ಲದವರು ಅಗಿದಿದ್ದನ್ನು ಉಂಡು ಹೆಚ್ಚಾದವರು ನುಂಗ್ತಾರೆ.

ಹಸಿರು ಬಲೆಯ ಶೆಡ್ಡಿನಲ್ಲಿ ಒಂದು ಬಡಕಲು ಗಿಡ. ಬೋರ್ಡಿನಲ್ಲಿ ಟೆಲಿಗ್ರಾಫ್ ಗಿಡ. ನೋಡೋಕೆ ತೊಗರಿ ಸಸಿ ಥರ, ದೊಡ್ಡ ಎಲೆಯ ಬುಡದಲ್ಲಿ ಎರಡು ಪುಟ್ಟ ಎಲೆಗಳು. ಅವು ಅಲ್ಲಾಡ್ತಾ ಇರುತ್ತವೆ. ಗಾಳಿಗಲ್ಲ, ತಮ್ಮಷ್ಟಕ್ಕೆ ತಾವೇ, ಬೆಚ್ಚಗೆ ಬೆಳಕು ಇದ್ದರೆ ಸಾಕು, ಗಡಿಯಾರದ ಮುಳ್ಳಿನ ಥರ ಸುತ್ತುತ್ತವೆ. ಜಗದೀಶಚಂದ್ರ ಬೋಸರು ಈ ಗಿಡದ ಮೇಲೆ ಪ್ರಯೋಗ ಮಾಡಿದ್ದರು. ಚಪ್ಪಾಳೆ ತಟ್ಟಿದರೆ ಜೋರಾಗಿ ಕುಣಿಯುತ್ತೆ ಅಂದ ತಾತ. ನಾನೂ ಅಕ್ಕನ ಮಗಳೂ ಕುಕ್ಕರುಗಾಲಲ್ಲಿ ಕೂತು ಮೂರು ನಿಮಿಷ ಚಪ್ಪಾಳೆ ತಟ್ಟಿದೆವು. ಅದು ಎಷ್ಟು ತಿರುಗುತ್ತಿತ್ತೋ ಅಷ್ಟೇ ತಿರುಗಿತು. ಕಾಂಪೌಂಡಿನಾಚೆ ವಾಚ್‌ಮನ್ ಒಬ್ಬ ನಿಂತು ಭಜನೆ ಏನಾದ್ರೂ ನಡೀತಿದೆಯಾ ಅಂತ ನೋಡ್ತಿದ್ದ.

ಎಲೆಯೇ ಬಟ್ಟಲಿನ ಥರ ಸುತ್ತಿಕೊಂಡಿರುವ ಕೃಷ್ಣನ ಆಲವನ್ನೂ ನೋಡಿದೆ. ಕೃಷ್ಣ ಬೆಣ್ಣೆ ಬಚ್ಚಿಟ್ಟಿದ್ದು ಅದರಲ್ಲಂತೆ. ಮರಸೌತೆಯಲ್ಲಿ ಸೌತೆಕಾಯಿಯಂಥ ಕಾಯಿಗಳು ಹಗ್ಗದಲ್ಲಿ ನೇತಾಡ್ತಿದ್ದವು. ಅದರ ಹೂವು ರಾತ್ರಿ ಅರಳಿ ಬಾವಲಿಗಾಗಿ ಕಾಯುತ್ತದೆ. ಮೂಲೆಯಲ್ಲಿ ಒಂದು ಎಳೇ ದೊಡ್ಡಹುಣಸೆ. ಸವಣೂರಿನಲ್ಲಿ ದೈತ್ಯ ಮರಗಳಿವೆಯಲ್ಲ, ಅದೇ ಜಾತಿ. ವರ್ಷದಲ್ಲಿ ಹೆಚ್ಚು ತಿಂಗಳು ಎಲೆಯೇ ಇಲ್ಲ, ನೀರೆಲ್ಲ ಹೊಟ್ಟೆಯಲ್ಲಿ. ಇದು ಇನ್ನೂ ನನ್ನ ಸೊಂಟದಷ್ಟು ದಪ್ಪ. ನನ್ನ ಸೊಂಟ ಕಡಿಮೆ ಏನಿಲ್ಲ, ಆ ಮಾತು ಬಿಡಿ. ಎಳೆ ಗಿಡಗಳ ಬುಡದಲ್ಲಿ ತಾತ ಗಡಿಗೆ ಹೂತಿದ್ದಾನೆ, ಅದಕ್ಕೆ ನೀರು ತುಂಬಿ ಬಾಯಿ ಮುಚ್ಚಿದರೆ ಜಿನುಗಿ ಜಿನುಗಿ ನಾಲ್ಕು ದಿನ ಬರುತ್ತದೆ. ಮೋಟಾರು ಸುಟ್ಟು ಎಷ್ಟು ತಿಂಗಳಾಯಿತು ಅಂತ ಕೇಳಬೇಡಿ, ಕೇಳಿದರೆ ಅವನು ಗಿಡದ ವಿಷಯ ಬಿಟ್ಟು ಆಫೀಸಿನ ವಿಷಯ ಶುರು ಮಾಡ್ತಾನೆ.

ಗೋಡೆಯ ಬುಡದಲ್ಲಿ ಬಳ್ಳಾರಿ ಜಾಲಿಯೂ ಇತ್ತು, ಬೋರ್ಡಿಲ್ಲದೆ. ವರ್ಷಕ್ಕೆ ಮೂರು ಸಲ ಕಡೀತಾನೆ, ಮೂರು ಸಲವೂ ಬರುತ್ತದೆ. ಇದರದೇ ಕುಲದ ಮರವೊಂದರ ಬೇರು ಅಮೆರಿಕದ ಅರಿಜೋನಾದಲ್ಲಿ ಗಣಿ ತೋಡುವಾಗ 50 ಮೀಟರಿಗಿಂತ ಆಳದಲ್ಲಿ ಸಿಕ್ಕಿತ್ತಂತೆ. ಗಣಿಯವರಿಗಿಂತ ಮುಂಚೆ ಹೋಗಿ ಕೂತಿದೆ. ಊರಿನ ಹೆಸರು ಸುಮ್ನೆ ಬರಲಿಲ್ಲ.

ಹತ್ತು ಗಂಟೆ ಆಗ್ತಾ ಬಂತು. ಹೊರಡೋ ಹೊತ್ತಿಗೆ ತಾತ ಒಂದು ಕುಂಡದಿಂದ ದಪ್ಪ ಎಲೆ ಮುರಿದು, ಚೂರು ಮಾಡಿ, ನಮ್ಮಿಬ್ಬರ ಕೈಗೂ ಕೊಟ್ಟ. "ಕಚ್ಚಿ ನೋಡ್ರಿ. ನುಂಗಬ್ಯಾಡ್ರಿ, ಉಗುಳ್ರಿ." ಕಾಡುಬಸಳೆ. ಸ್ಕೂಲಲ್ಲಿ ಪುಸ್ತಕದ ನಡುವೆ ಇಟ್ಟು ಮರಿ ಬರಿಸ್ತಿದ್ದೆವಲ್ಲ, ಅದೇ. ದನ ಜಾಸ್ತಿ ತಿಂದರೆ ಅವುಗಳಿಗೆ ವಿಷ, ಹಾಗಾಗಿ ನೀವೂ ಕಚ್ಚೋಕೆ ಹೋಗಬೇಡಿ, ನಾನು ಕಚ್ಚಿದ್ದೇನಲ್ಲ ಸಾಕು. ಹುಳಿ ಇತ್ತು. ಹಸಿ ಮಾವಿನ ಓಟೆ ಕಚ್ಚಿದ ಹಾಗೆ, ಹಲ್ಲು ಚುಳ್ ಅಂತು.

"ಸಂಜಿಕ ಬರ್ರಿ, ಮತ್ತ ಇದೇ ಗಿಡದ್ದು ಕೊಡ್ತೀನಿ" ಅಂದ.

ಭಾನುವಾರ ಮಧ್ಯಾಹ್ನ ಮಲಗಿ ಎದ್ದು, ಒಂದು ಎಲೆ ಕಚ್ಚೋಕೆ ಅಂತ ಮತ್ತೆ ಬೈಕ್ ತೆಗೆಯುವ ಮನುಷ್ಯ ನಾನಲ್ಲ. ಆದರೂ ಐದೂವರೆಗೆ ಹೋದೆ. ಅದೇ ಕುಂಡ, ಅದೇ ಗಿಡ, ಬೆಳಗ್ಗೆ ಮುರಿದ ಎಲೆಯ ಪಕ್ಕದ ಎಲೆ. ಕಚ್ಚಿದೆ. ಸಪ್ಪೆ. ಹುಳಿ ಎಲ್ಲಿಗೆ ಹೋಯಿತೋ ಏನೋ, ಕೊನೆಗೆ ಚೂರು ಕಹಿ ಬೇರೆ.

ಅಕ್ಕನ ಮಗಳಿಗೆ ಇದು ಪುಸ್ತಕದಲ್ಲಿತ್ತು, ನಾಲಗೆಯಲ್ಲಿ ಇರಲಿಲ್ಲ. ಅವಳು ಹೇಳಿದ್ದು ಇಷ್ಟು. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತಗೊಳ್ಳುತ್ತವೆ. ತೆರೆದರೆ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಬಿಸಿಲೂರಿನಲ್ಲಿ ಅದು ಗಿಟ್ಟೋದಿಲ್ಲ. ಅದಕ್ಕೆ ಕಾಡುಬಸಳೆ, ಕಳ್ಳಿ ಇಂಥವೆಲ್ಲ ರಾತ್ರಿ ತಂಪಲ್ಲಿ ಬಾಗಿಲು ತೆರೆದು ಗಾಳಿ ತಗೊಂಡು, ಮ್ಯಾಲಿಕ್ ಆಮ್ಲ ಮಾಡಿ ಇಟ್ಟುಕೊಳ್ಳುತ್ತವೆ, ಹಸಿ ಸೇಬಿನಲ್ಲಿ ಇರುವ ಹುಳಿಯೂ ಅದೇ. ಬೆಳಗಾದ ಮೇಲೆ ಬಾಗಿಲು ಭದ್ರ. ಕೂಡಿಟ್ಟಿದ್ದನ್ನು ಹಗಲೆಲ್ಲ ಖರ್ಚು ಮಾಡಿ ಬಿಸಿಲಿನ ಬಲದಲ್ಲಿ ಅಡುಗೆ ಮಾಡಿಕೊಳ್ಳುತ್ತವೆ. ಸಂಜೆಗೆ ಡಬ್ಬಿ ಖಾಲಿ, ಹುಳಿಯೂ ಖಾಲಿ.

"ಅಂದ್ರೆ ನಮ್ಮ ಓಣಿಯ ನಲ್ಲಿ ಥರ. ರಾತ್ರಿ ಎರಡು ಗಂಟೆಗೆ ನೀರು ಬಿಟ್ಟಾಗ ಎದ್ದು ಡ್ರಮ್ ತುಂಬಿಸಿ, ಹಗಲೆಲ್ಲ ಅದರಲ್ಲೇ ಸಂಸಾರ" ಅಂದೆ.

"ಪರೀಕ್ಷೆಯಾಗ ಹಿಂಗೇ ಬರೀಲಾ ಮಾಮ?"

"ಬರಿ. ಮಾರ್ಕ್ಸ್ ಹೋದ್ರೆ ನನ್ನ ಹೆಸರು ಹೇಳಬೇಡ."

ತಾತನಿಗೆ ಇದು ಹೇಗೆ ಗೊತ್ತಾಯಿತು ಅಂತ ಕೇಳಿದೆ. ಯಾವ ಮೇಷ್ಟ್ರೂ ಹೇಳಿಕೊಟ್ಟಿದ್ದಲ್ಲವಂತೆ. "ಮೂವತ್ತು ವರ್ಷ ಇವುಗಳ ನಡುವ ಕುಂತೀನಿ. ಬ್ಯಾಸರ ಆದಾಗ ಏನರ ಒಂದು ಕಚ್ಚಿ ನೋಡ್ತೀನಿ." ರಾತ್ರಿ ಮನೆಗೆ ಬಂದು ಮೊಬೈಲಲ್ಲಿ ಹುಡುಕಿದೆ. ಈ ಸಂಗತಿಯನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಬೆಂಜಮಿನ್ ಹೈನೆ ಅಂತ ಒಬ್ಬ ಜರ್ಮನ್. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ ದಕ್ಷಿಣ ಭಾರತ ಸುತ್ತಿದವನು, ಟಿಪ್ಪು ಸತ್ತ ಮೇಲೆ ಸ್ವಲ್ಪ ಕಾಲ ಲಾಲ್‌ಬಾಗನ್ನೂ ನೋಡಿಕೊಂಡಿದ್ದ. ಭಾರತದ ತೋಟಗಳಲ್ಲಿ ಬೆಳೆಯುವ ಈ ಗಿಡದ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ರುಚಿಯಿಲ್ಲ, ಸಂಜೆಗೆ ಕಹಿ ಅಂತ ಅವನು ಬರೆದ ಪತ್ರ 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವನೂ ನಾಲಗೆಯಿಂದಲೇ ಕಂಡುಹಿಡಿದಿದ್ದು. ಯಾಕೆ ಹೀಗೆ ಅಂತ ಸರಿಯಾಗಿ ತಿಳಿಯೋಕೆ ವಿಜ್ಞಾನಿಗಳಿಗೆ ಮುಂದೆ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅವನಿಗೂ ಯಾವುದೋ ಭಾನುವಾರ ಬ್ಯಾಸರ ಆಗಿತ್ತೋ ಏನೋ.

ಮರುದಿನ ಅಕ್ಕನ ಮಗಳ ಕೈಯಲ್ಲಿ ಇದನ್ನು ತಾತನಿಗೆ ಹೇಳಿ ಕಳಿಸಿದೆ. "ಹೌದಾ? ಅವಂಗೂ ಉಗುಳು ಅಂತ ಹೇಳಿದ್ರಾ ಯಾರಾದ್ರೂ?" ಅಂತ ಕೇಳಿದನಂತೆ.

ಆ ಸಂಜೆ ಬರುವಾಗ ಒಂದು ಇಡೀ ಎಲೆ ತಂದಿದ್ದೆ. ಆಫೀಸಿನ ಲೆಡ್ಜರ್ ಪುಸ್ತಕದಲ್ಲಿ, ಗುಂಡಿ ಮತ್ತು ಜಿಪ್ಪಿನ ಖರ್ಚು ಬರೆಯುವ ಪುಟದ ನಡುವೆ ಇಟ್ಟು ಮರೆತುಬಿಟ್ಟೆ. ಹತ್ತು ದಿನದ ಮೇಲೆ ಮಾಲೀಕರು ಏನೋ ಬಿಲ್ ಹುಡುಕ್ತಾ ಆ ಪುಟ ತೆಗೆದರು. ಎಲೆಯ ಅಂಚಿನ ಕಚ್ಚುಕಚ್ಚಿನಲ್ಲಿ ಏಳು ಮರಿ, ಒಂದೊಂದಕ್ಕೂ ದಾರದಂಥ ಬಿಳಿ ಬೇರು. ನೀರಿಲ್ಲ, ಮಣ್ಣಿಲ್ಲ, ಬರೀ ಜಿಪ್ಪಿನ ಲೆಕ್ಕ. "ಏನಯ್ಯಾ, ಲೆಕ್ಕದ ಪುಸ್ತಕದಾಗ ಬೆಳಿ ತಗದೀಯಲ್ಲ" ಅಂದರು. ಈಗ ಆ ಏಳರಲ್ಲಿ ನಾಲ್ಕು ಮೊಸರಿನ ಕಪ್ಪುಗಳಲ್ಲಿ ಆಫೀಸಿನ ಕಿಟಕಿಯ ಮೇಲಿವೆ, ಎರಡು ಅಕ್ಕನ ಮನೆಗೆ ಹೋದವು, ಒಂದನ್ನು ಅವ್ವ ತುಳಸಿ ಕಟ್ಟೆಯ ಪಕ್ಕ ಇಟ್ಟುಕೊಂಡಿದ್ದಾಳೆ. ಕಚ್ಚಿ ನೋಡುವಷ್ಟು ಯಾವುದೂ ಇನ್ನೂ ದೊಡ್ಡದಾಗಿಲ್ಲ.